ಕೋರಿಕೆ ಕಳುಹಿಸಿದವರು

ಜಗಳ ಶುರುವಾದದ್ದು ಮಧ್ಯಾಹ್ನದ ಊಟದಲ್ಲಿ. ಈ ಮನೆಯ ಜಗಳಗಳೆಲ್ಲ ಶುರುವಾಗುವುದೇ ಆಗ, ಏಕೆಂದರೆ ಎಲ್ಲರೂ ಒಂದು ಕಡೆ ಕೈಗೆ ಸಿಗುವುದು ಆ ಅರ್ಧ ಗಂಟೆ ಮಾತ್ರ. ಗೋಕಾಕದಲ್ಲಿ ಗೊಬ್ಬರ-ಬೀಜದ ಅಂಗಡಿ ಇಟ್ಟಿರುವ ಸೋಮಶೇಖರ ಬಂದು ಕೈ ತೊಳೆದು ಕೂತಿದ್ದ. ಹೆಂಡತಿ ಭಾಗ್ಯಾ ರೊಟ್ಟಿ ಬಡಿಯುತ್ತಿದ್ದಳು. ಮಗ ಮಲ್ಲೇಶ ತಾಟಿನ ಪಕ್ಕ ಮೊಬೈಲ್ ಇಟ್ಟುಕೊಂಡು ಬದನೆಕಾಯಿ ಪಲ್ಯ ತಿನ್ನುತ್ತಿದ್ದ. ಸೋಮಶೇಖರನ ಅಕ್ಕ ದಾಕ್ಷಾಯಿಣಿ ಎಲ್ಲರಿಗೂ ಶೇಂಗಾ ಚಟ್ನಿ ಹಾಕಿ, ಮೊಸರು ಬಿಟ್ಟು, ನಡುಮನೆಯ ಮಂಚದಲ್ಲಿದ್ದ ತಾಯಿ ಕೆಂಚವ್ವನಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಕೊಟ್ಟು, ಕಡೆಗೆ ತನ್ನ ತಾಟು ತೆಗೆದುಕೊಂಡಳು.

“ಅಕ್ಕಾರ, ಒಂದ ಮಾತ ಕೇಳಲೇನ್ರಿ?” ಎಂದಳು ಭಾಗ್ಯಾ.

ಭಾಗ್ಯಾ ಹೀಗೆ ಅಪ್ಪಣೆ ಕೇಳಿ ಆಡುವ ಮಾತು ಗಂಡ ಹೆಂಡಿರ ನಡುವೆ ಆಗಲೇ ತೀರ್ಮಾನವಾದ ಮಾತು ಎಂಬುದು ದಾಕ್ಷಾಯಿಣಿಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತಿತ್ತು.

“ಕೇಳವಾ.”

“ಮಲ್ಲೇಶನ ಲಗ್ನಕ್ಕ ಇನ್ನ ಏಳ ವಾರ ಉಳದಾವು. ನಿಮ್ಮ ಖೋಲಿ ಅವರಿಗೆ ಬಿಡಬೇಕಾಕ್ಕೈತಿ. ನೀವು ಅತ್ತಿಯವರ ಬಾಜೂಕ ಮಲಗಿದ್ರ…”

“ಅದನ್ನ ನಾನ ಹೇಳಾಕಿ ಇದ್ದೆ. ಯಮಕನಮರಡಿ ಹುಡುಗಿ ಸೊಸಿಯಾಗಿ ಬಂದ್ರ ನಡುಮನ್ಯಾಗ ಮಲಗಸಾಕ ಬರತೈತೇನು?”

“ಖೋಲಿದಲ್ರಿ. ಕ್ಯಾಸೆಟ್ಟಿಂದ.”

ದಾಕ್ಷಾಯಿಣಿಯ ಕೈ ತಾಟಿನಲ್ಲೇ ನಿಂತಿತು. ಅವಳ ಖೋಲಿಯ ಒಂದು ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಕ್ಯಾಸೆಟ್ಟು. ಒಟ್ಟು ಮುನ್ನೂರು ಚಿಲ್ಲರೆ. ಮೂವತ್ತು ವರ್ಷ ಸಹಕಾರಿ ಸೊಸೈಟಿಯಲ್ಲಿ ಕಾರಕೂನಳಾಗಿ ದುಡಿದು ಹೋದ ವರ್ಷ ನಿವೃತ್ತಳಾದ ಈ ಹೆಂಗಸಿನ ಸ್ವಂತದ್ದು ಎನ್ನಬಹುದಾದದ್ದು ಆ ಮನೆಯಲ್ಲಿ ಅದೊಂದೇ.

“ಒಂದ ಟ್ರಂಕಿನ್ಯಾಗ ಹಿಡಿಯುವಷ್ಟು ಇಟಗೋ ಅಕ್ಕಾ,” ಸೋಮಶೇಖರ ತಲೆ ಎತ್ತದೆ ಹೇಳಿದ. “ಮಂಚದ ತೆಳಗ ಹಿಡಿತೈತಿ. ಉಳದದ್ದ ಯಾರಿಗರ ಕೊಡೋಣು.”

“ಯಾರ ತಗೋತಾರಪ್ಪಾ?” ಮಲ್ಲೇಶ ನಕ್ಕ. “ಟೇಪ್ ಇದ್ದ ಮನಿ ಹುಡುಕಾಕ ಡ್ರೋನ್ ಹಾರಸಬೇಕ.”

“ಸುಮ್ನ ಉಣ್ಣೋ ನೀ,” ಎಂದು ಭಾಗ್ಯಾ ಮಗನನ್ನು ಗದರಿದಳು. ಆಮೇಲೆ ನಾದಿನಿಯ ತಾಟಿಗೆ ಕೇಳದೆಯೇ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಭಾಗ್ಯಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ದಾಕ್ಷಾಯಿಣಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

“ಆತು,” ಎಂದಳು ದಾಕ್ಷಾಯಿಣಿ. “ಒಂದ ಟ್ರಂಕು.”

ಮರುದಿನದಿಂದ ಕಸ ಮುಸುರೆ ಮುಗಿಸಿ, ತಾಯಿಗೆ ಸ್ನಾನ ಮಾಡಿಸಿ, ಹನ್ನೊಂದರ ಹೊತ್ತಿಗೆ ಅವಳು ಕಪಾಟಿನ ಮುಂದೆ ಕೂರತೊಡಗಿದಳು. ಮೊದಲ ವಾರ ಕೆಲಸ ಸರಾಗವಾಗಿ ನಡೆಯಿತು. ಅಂಗಡಿಯಲ್ಲಿ ಕೊಂಡ ಭಕ್ತಿಗೀತೆಗಳು ಮಠದ ದಾಸೋಹದ ಮನೆಗೆ ಹೋದವು. ಅಲ್ಲಿ ಇನ್ನೂ ಒಂದು ಟೇಪು ಉಸಿರಾಡುತ್ತಿತ್ತು. ಸಿನಿಮಾ ಹಾಡುಗಳನ್ನು ಓಣಿಯ ರಿಕ್ಷಾದ ರಾವಸಾಹೇಬ ಚೀಲದಲ್ಲಿ ತುಂಬಿಕೊಂಡು ಹೋದ. ಮೂರು ದಿನ ಬಿಟ್ಟು ಹದಿನೈದು ತಂದು ವಾಪಸು ಕೊಟ್ಟ.

“ಇವು ಬ್ಯಾಡ್ರಿ ಬಾಯಾರ. ಎಲ್ಲಾ ಅಳೂ ಹಾಡು. ಗಿರಾಕಿ ಅರ್ಧಾ ದಾರ್‍ಯಾಗ ಇಳಿಯಾಕತ್ತಾರ.”

ಉಳಿದವು ನೂರ ನಲವತ್ತು. ಅವೆಲ್ಲ ಅವಳೇ ರೇಡಿಯೋದಿಂದ ಹಿಡಿದವು. ಅಪ್ಪ ಬದುಕಿದ್ದಾಗ ಮನೆಗೆ ರೇಡಿಯೋ, ಟೇಪು ಎರಡೂ ಕೂಡಿದ ಒಂದು ಪೆಟ್ಟಿಗೆ ತಂದಿದ್ದ. ರವಿವಾರ ಮಧ್ಯಾಹ್ನ ಕೋರಿಕೆಯ ಕಾರ್ಯಕ್ರಮ. ಊರೂರಿನಿಂದ ಜನ ಕಾರ್ಡು ಬರೆಯುತ್ತಿದ್ದರು. ಹಾಡಿಗೆ ಮೊದಲು ಆ ಹೆಸರುಗಳನ್ನೆಲ್ಲ ಓದುತ್ತಿದ್ದರು. ದಾಕ್ಷಾಯಿಣಿ ರೆಕಾರ್ಡಿನ ಕೆಂಪು ಬಟನ್ ಒತ್ತುತ್ತಿದ್ದದ್ದು ಆ ಹೆಸರುಗಳಿಗಾಗಿ. ಹಾಡು ಅರ್ಧಕ್ಕೆ ಬಂದಾಗ ಎಷ್ಟೋ ಸಲ ನಿಲ್ಲಿಸಿಬಿಡುತ್ತಿದ್ದಳು. ಕ್ಯಾಸೆಟ್ಟು ಉಳಿಯಲಿ, ಮುಂದಿನ ರವಿವಾರ ಮತ್ತೆ ಹೆಸರು ಬರಬಹುದು ಎಂಬ ಲೆಕ್ಕ.

ಏಕೆಂದರೆ ಅವಳಿಗೆ ಹೆಸರು ಇದ್ದದ್ದು ರೇಡಿಯೋದಲ್ಲಿ ಮಾತ್ರ. ತಮ್ಮನಿಗೆ ಅವಳು ಅಕ್ಕ, ಅವನ ಹೆಂಡತಿಗೆ ಅಕ್ಕಾರು, ಮಲ್ಲೇಶನಿಗೆ ಅತ್ತಿ, ಸೊಸೈಟಿಯಲ್ಲಿ ಬಾಯಾರು. ಕೆಂಚವ್ವ ಐವತ್ತೊಂಬತ್ತರ ಮಗಳನ್ನು ಇಂದಿಗೂ ‘ಏ ಹುಡುಗಿ’ ಅನ್ನುತ್ತಿದ್ದಳು. ‘ಗೋಕಾಕದಿಂದ ದಾಕ್ಷಾಯಿಣಿ’ ಎಂದು ಇಡೀ ಹೆಸರನ್ನು ಸ್ಪಷ್ಟವಾಗಿ, ಮರ್ಯಾದೆಯಿಂದ ಕರೆದವರು ರೇಡಿಯೋದವರೊಬ್ಬರೇ. ಮೊದಲು ಅವಳ ಕಾರ್ಡಿಗೆ ಅವಳ ಹೆಸರು ಬರುತ್ತಿತ್ತು. ಆಮೇಲೊಂದು ರವಿವಾರ ಕಾರ್ಡು ಹಾಕದಿದ್ದರೂ ಬಂತು. ಮಸಗುಪ್ಪಿಯ ಯಾರೋ ಮುರಿಗೆಪ್ಪ ಎಂಬುವನು ತನ್ನ ಕಾರ್ಡಿನಲ್ಲಿ ಅವಳ ಹೆಸರನ್ನೂ ಸೇರಿಸಿದ್ದ. ಹದಿನೈದು ದಿನ ಬಿಟ್ಟು ಮತ್ತೆ. ಹಾಗೆ ಐದು ವರ್ಷ. ಅವನು ಯಾರು, ಎಂಥವನು, ಯಾಕೆ ಬರೆಯುತ್ತಾನೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲೋ ಒಬ್ಬರು ಕಾರ್ಡು ಬರೆಯಲು ಕೂತಾಗ ತನ್ನ ಹೆಸರು ನೆನೆಯುತ್ತಾರೆ ಎಂಬುದಷ್ಟೇ ಗೊತ್ತಿತ್ತು, ಅಷ್ಟೇ ಅವಳಿಗೆ ಸಾಕಾಗಿತ್ತು.

ಎರಡನೆಯ ವಾರ, ಮೂರನೆಯ ವಾರ ಕೂತು ಕೂತು ನೂರ ನಲವತ್ತನ್ನು ನಲವತ್ತಾರಕ್ಕೆ ಇಳಿಸಿದಳು. ಆ ನಲವತ್ತಾರರಲ್ಲಿ ಮಸಗುಪ್ಪಿಯ ಕಾರ್ಡುಗಳಿದ್ದವು. ಟ್ರಂಕಿನಲ್ಲಿ ಹಿಡಿದದ್ದು ನಲವತ್ತು. ಇನ್ನಾರನ್ನು ತೆಗೆಯಬೇಕಿತ್ತು. ಒಂದನ್ನು ತೆಗೆಯುವಳು, ಮತ್ತೆ ಇಡುವಳು.

“ಅತ್ತಿ, ಯಾಕ ಇಷ್ಟ ಒದ್ದಾಡತಿ?” ಮಲ್ಲೇಶ ಬಾಗಿಲಿಗೆ ಒರಗಿ ನೋಡುತ್ತಿದ್ದ. “ಟ್ರಂಕೂ ಬ್ಯಾಡ ಏನೂ ಬ್ಯಾಡ. ಎಲ್ಲಾ ನನಗ ಕೊಡು, ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಡತೇನಿ. ಹೆಬ್ಬೆಟ್ಟಿನಷ್ಟ ಜಾಗಾ ಸಾಕ.”

“ಎಲ್ಲಾ ಬರತೈತೇನೋ?”

“ಎಲ್ಲಾ ಬರತೈತಿ.”

“ಇದ್ದದ್ದು ಇದ್ದಂಗ?”

“ಇದ್ದದ್ದಕ್ಕಿಂತ ಛಲೋ ಬರತೈತಿ. ನೀ ನೋಡಿಯಂತ.”

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಸಂಜೆ ಅವನಿಗಾಗಿ ಸಿಹಿ ಸಜ್ಜಕ ಮಾಡಿದಳು. ಆರನ್ನು ಬಿಡುವ ಕಷ್ಟ ತಪ್ಪಿತು. ಬಿಟ್ಟ ತೊಂಬತ್ತನಾಲ್ಕನ್ನೂ ಸೇರಿಸಿ ಕೊಟ್ಟಳು.

ಮಲ್ಲೇಶ ಹತ್ತು ದಿನ ಕೂತು ಕೆಲಸ ಮಾಡಿದ. ಇದನ್ನು ಹೇಳಲೇಬೇಕು, ಯಾಕೆಂದರೆ ಹುಡುಗ ಉಡಾಫೆ ಮಾಡಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗೆಳೆಯನ ಸ್ಟುಡಿಯೋಕ್ಕೆ ಹೋಗಿ ಒಂದೊಂದನ್ನೂ ಹಾಕಿ, ಓಡಿಸಿ ಓಡಿಸಿ ಯಾವ ಹಾಡು ಎಂದು ಕೇಳಿದ. ಹನ್ನೊಂದನೆಯ ದಿನ ಒಂದು ಪುಟ್ಟ ಸ್ಪೀಕರ್ ಜೊತೆ ಬಂದ. ದಾಕ್ಷಾಯಿಣಿ ಹಿತ್ತಲಲ್ಲಿ ತಾಟು ತಿಕ್ಕುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಭಾಗ್ಯಾ, ಸೋಮಶೇಖರ ಕೂಡ ಬಂದರು. ಮಂಚದ ಮೇಲಿದ್ದ ಕೆಂಚವ್ವ ಕಿವಿ ಇತ್ತ ಮಾಡಿದಳು.

ಹಾಡು ಬಂತು. ಅದು ಮುಗಿಯುತ್ತಲೇ ಇನ್ನೊಂದು ಹಾಡು ಬಂತು. ಮತ್ತೊಂದು. ತೊಳೆದು ಇಸ್ತ್ರಿ ಮಾಡಿದ ಹಾಡುಗಳು.

“ಹೆಸರ ಯಾವಾಗ ಬರತಾವು?” ದಾಕ್ಷಾಯಿಣಿ ಕೇಳಿದಳು.

“ಯಾವ ಹೆಸರು?”

“ಹಾಡಿನ ಮೊದಲ ಓದೂ ಹೆಸರೋ.”

“ಓ, ಆ ಬಡಬಡ ಏನು? ಅದನ್ನೆಲ್ಲಾ ತಗದೀನಿ ಅತ್ತಿ. ಎರಡ ಎರಡ ನಿಮಿಷ ಯಾರ್‍ಯಾರದೋ ಹೆಸರ ಓದತಿದ್ರು. ಹಾಡೂ ಅರ್ಧಮರ್ಧ ಇದ್ದೂವು. ಅದಕ್ಕ ಪೂರ್ತಿ ಹಾಡು ನೆಟ್‌ನ್ಯಾಗಿಂದ ಇಳಿಸಿ ಹಾಕೀನಿ.”

“ಕ್ಯಾಸೆಟ್ಟ ಎಲ್ಲಿ ಅದಾವು?”

“ಹಿಡಕಲ್ ಕಡೆಯಿಂದ ನಮ್ಮ ಗಿರಾಕಿ ಕಾಶಿನಾಥ ಬಂದಿದ್ದ. ಗೋವಿನಜೋಳಕ್ಕ ಗಿಳಿ ಬೀಳತಾವಂತ. ರೀಲ್ ಜಗ್ಗಿ ಕಟ್ಟಿದ್ರ ಗಾಳಿಗೆ ಗುಂಯ್ ಅಂತಾವು, ಹತ್ರ ಬರೂದಿಲ್ಲ ಅಂದ. ಕೊಟ್ಟೆ. ನಿಂದೆಲ್ಲಾ ಇದರಾಗ ಬಂತಲ್ಲ!”

ದಾಕ್ಷಾಯಿಣಿ ಸ್ಪೀಕರಿನ ಬಟನ್ ಹುಡುಕಿದಳು. ಸಿಗಲಿಲ್ಲ. ಹಾಡು ನಡೆದೇ ಇತ್ತು.

“ಬಂದ್ ಮಾಡೋ ಅದನ್ನ,” ಎಂದು ಅವಳು ಕೂಗಿದ ದನಿ ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. “ಕೊಡೂ ಮೊದಲ ಒಂದ ಮಾತ ಕೇಳಾಕ ನಿನ್ನ ಬಾಯಿ ಸೇದಿತ್ತೇನು?”

“ಅಕ್ಕಾರ, ಹುಡುಗ ನಿಮ್ಮ ಸಲುವಾಗಿ ಹತ್ತ ದಿನ ನಿದ್ದಿಗೆಟ್ಟಾನ,” ಭಾಗ್ಯಾಳ ದನಿಯೂ ಏರಿತು. “ಯಾರದೋ ಹೆಸರ ಹೋದ್ರ ಏನಾತ್ರಿ ಈಗ?”

“ಯಾರದೋ ಅಲ್ಲವಾ, ನನ್ನ ಹೆಸರು! ಈ ಮನ್ಯಾಗ ನನ್ನ ಹೆಸರ ಯಾರ ಹೇಳತೀರಿ? ನಿನ್ನ ಮಗನ ಲಗ್ನಪತ್ರಿಕಿ ತಗೊಂಬಾ. ಯಮಕನಮರಡಿ ಬೀಗರ ಮನಿ ಕೂಸಿನ ಹೆಸರೂ ಹಾಕೀರಿ. ನಂದ ಎಲ್ಲೈತಿ ತೋರಸ.”

ಲಗ್ನಪತ್ರಿಕೆಗಳು ಮೊನ್ನೆಯೇ ಅಚ್ಚಾಗಿ ಬಂದು ದೇವರ ಮುಂದೆ ಕೂತಿದ್ದವು. ಅರಿಸಿನ ಹಚ್ಚಿದವಳೇ ದಾಕ್ಷಾಯಿಣಿ. ಆಗ ಏನೂ ಅಂದಿರಲಿಲ್ಲ.

“ಜಾಗಾ ಸಾಲಲಿಲ್ಲ ಅಕ್ಕಾ,” ಸೋಮಶೇಖರ ಮೆಲ್ಲಗೆ ಅಂದ. “ಸಮಸ್ತ ಬಂಧುಗಳು ಅಂದ್ರ ಅದರಾಗ ನೀನೂ ಬಂದಿ ಅಂತ…”

“ಬಂದೆ. ಎಲ್ಲಾದರಾಗೂ ಹಂಗ ಬಂದೀನಿ ನಾನು.”

ಆಗ ಕೆಂಚವ್ವ ಬಾಯಿ ಹಾಕಿದಳು. ಎಂಬತ್ತನಾಲ್ಕರಲ್ಲಿ ಅವಳಿಗೆ ಕಣ್ಣು ಮಂಜು, ನಾಲಿಗೆ ಮಾತ್ರ ಹಾಗೇ ಇತ್ತು.

“ಹೋದ್ರ ಹೋಗಲಿ ತಗೀರಿ. ಆ ಹೆಸರ ಓದಿಸ್ಕೊಂಡ ಆಕಿ ಲಗ್ನಾ ಕಳಕೊಂಡ್ಲು.”

ಮಲ್ಲೇಶನಿಗೆ ಈ ಕಥೆ ಗೊತ್ತಿರಲಿಲ್ಲ, ಉಳಿದವರಿಗೆ ಗೊತ್ತಿತ್ತು. ದಾಕ್ಷಾಯಿಣಿಗೆ ಇಪ್ಪತ್ತನಾಲ್ಕಾದಾಗ ಹುಕ್ಕೇರಿಯ ಒಬ್ಬ ಮಾಸ್ತರನ ಜೊತೆ ಮಾತು ಮುಗಿದು, ಸಕ್ಕರೆ ಹಂಚಿ ಆಗಿತ್ತು. ಆ ರವಿವಾರ ಹುಕ್ಕೇರಿಯವರ ಮನೆಯಲ್ಲೂ ರೇಡಿಯೋ ಹಚ್ಚಿದ್ದರು. ‘ಮಸಗುಪ್ಪಿಯಿಂದ ಮುರಿಗೆಪ್ಪ, ಗೋಕಾಕದಿಂದ ದಾಕ್ಷಾಯಿಣಿ ಹಾಗೂ ಮಿತ್ರರು’ ಎಂದು ಓದಿದರು. ಮೂರನೆಯ ದಿನ ಮಧ್ಯಸ್ಥ ಬಂದು ಹುಡುಗಿಗೆ ಬೇರೆ ಕಡೆ ಮನಸ್ಸಿದೆಯಂತೆ ಎಂದು ಹೇಳಿ ಹೋದ. ಆ ಮುರಿಗೆಪ್ಪನನ್ನು ನಾನು ನೋಡೇ ಇಲ್ಲ ಎಂದು ಅವಳು ಅತ್ತದ್ದನ್ನು ಅಪ್ಪ ನಂಬಲಿಲ್ಲ, ಅವ್ವ ನಂಬಲಿಲ್ಲ. ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆ ಬೇರೆ ಗಂಡೂ ಬರಲಿಲ್ಲ. ಇಷ್ಟಾದ ಮೇಲೆ ಅವಳು ಮಸಗುಪ್ಪಿಯ ಹೆಸರು ಕೇಳಿದರೆ ಉರಿದು ಬೀಳಬೇಕಿತ್ತು. ಬೀಳಲಿಲ್ಲ. ಮುಂದಿನ ರವಿವಾರವೂ ಕೆಂಪು ಬಟನ್ ಒತ್ತಿದಳು.

ಮರುದಿನ ಮಲ್ಲೇಶ ಯಾರಿಗೂ ಹೇಳದೆ ಬೈಕ್ ತೆಗೆದುಕೊಂಡು ಹಿಡಕಲ್ ಕಡೆ ಹೋದ. ಸಂಜೆ ಒಂದು ಪ್ಲಾಸ್ಟಿಕ್ ಚೀಲ ತಂದು ಅತ್ತೆಯ ಮುಂದೆ ಇಟ್ಟ. ತುಂಬ ಗಂಟುಗಂಟಾದ ಕಂದು ರೀಲು, ಮಣ್ಣು, ಜೋಳದ ಎಲೆ.

“ನಾಕ ಎಕರೆಕ್ಕೂ ಕಟ್ಟಿಬಿಟ್ಟಾನತ್ತಿ. ಬಿಚ್ಚಾಕ ಹೋದ್ರ ತುಂಡ ಆಗಾಕತ್ತೂವು. ತಪ್ಪಾತು.”

“ಕೈ ಕೊಯ್ಕೊಂಡಿಯಲ್ಲೋ,” ಎಂದಳು ಅವಳು. ಜೋಳದ ಎಲೆ ಗೀರಿ ಅವನ ಅಂಗೈಯೆಲ್ಲ ಕೆಂಪಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿದಳು. ಹುಡುಗನ ಮೇಲಿನ ಸಿಟ್ಟು ಅಲ್ಲಿಗೆ ಮುಗಿಯಿತು, ಆದರೆ ಮನಸ್ಸಿನಲ್ಲಿ ಆದ ತೂತು ಮುಚ್ಚಲಿಲ್ಲ. ಮುಂದಿನ ವಾರವೆಲ್ಲ ಮನೆಗೆ ಸುಣ್ಣ ಬಣ್ಣ ಆಯಿತು. ದಾಕ್ಷಾಯಿಣಿ ಶಾವಿಗೆ ಹೊಸೆದಳು, ಹಪ್ಪಳ ಒಣಗಿಸಿದಳು, ಬೀಗರಿಗೆ ಕೊಡುವ ಸೀರೆಗಳಿಗೆ ಫಾಲ್ ಹಚ್ಚಿದಳು. ಕರೆದರೆ ಓಗೊಟ್ಟಳು. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಭಾಗ್ಯಾ ಎರಡು ಸಲ ತಾನೇ ಚಹಾ ಮಾಡಿ ತಂದುಕೊಟ್ಟು, ಏನೋ ಹೇಳಲು ಬಾಯಿ ತೆರೆದು, ಹಾಲು ಉಕ್ಕೀತೆಂದು ಒಳಗೆ ಹೋದಳು. ಖಾಲಿ ಕಪಾಟಿನಲ್ಲಿ ಹೊಸ ಮದುಮಕ್ಕಳ ಬಟ್ಟೆಗೆಂದು ಹಳೆಯ ಪೇಪರು ಹಾಸಿದ್ದರು.

ಸೋಮವಾರ ಬೆಳಿಗ್ಗೆ ದಾಕ್ಷಾಯಿಣಿ ಇಳಕಲ್ ಸೀರೆ ಉಟ್ಟಳು.

“ಎಲ್ಲಿಗೆ ಹೊಂಟೆ ಏ ಹುಡುಗಿ?” ಕೆಂಚವ್ವ ಕೇಳಿದಳು.

“ಮಠಕ್ಕ.”

ಹೋದದ್ದು ಬಸ್ ಸ್ಟ್ಯಾಂಡಿಗೆ. ಮೂಡಲಗಿ ಕಡೆಯ ಬಸ್ಸು ಹಿಡಿದು, ಇಳಿದು, ಟಂಟಂ ರಿಕ್ಷಾ ಏರಿ ಮಸಗುಪ್ಪಿ ಮುಟ್ಟಿದಾಗ ಹನ್ನೊಂದಾಗಿತ್ತು. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಬಾರದ ಊರು, ಮನೆಯಿಂದ ಒಂದೂವರೆ ತಾಸಿನ ದಾರಿ. ಇಷ್ಟು ದಿನ ಕ್ಯಾಸೆಟ್ಟುಗಳಿದ್ದವು, ಬರುವ ಅಗತ್ಯ ಬಿದ್ದಿರಲಿಲ್ಲ. ಈಗ ತನ್ನ ಹೆಸರನ್ನು ಬಲ್ಲವನು ಇದ್ದರೆ ಇಲ್ಲೊಬ್ಬ ಇರಬೇಕು. ಅವನು ಒಮ್ಮೆ ದಾಕ್ಷಾಯಿಣಿ ಅಂದರೆ ಸಾಕು, ತಿರುಗಿ ಹೋಗುವುದೇ ಎಂದು ನಿಶ್ಚಯಿಸಿಕೊಂಡಿದ್ದಳು. ಕಿರಾಣಿ ಅಂಗಡಿಯವನು ಮನೆ ತೋರಿಸಿದ.

ಹರಕು ಬನಿಯನ್ನಿನ ಮುದುಕನೊಬ್ಬ ಅಂಗಳದಲ್ಲಿ ಎಮ್ಮೆ ತೊಳೆಯುತ್ತಿದ್ದ.

“ಮುರಿಗೆಪ್ಪ ಅಂದ್ರ…”

“ನಾನ ರೀ. ಎಮ್ಮಿ ನೋಡಾಕ ಬಂದೀರೇನು? ಇದು ಕೊಡೂದಲ್ಲರಿ, ಗಬ್ಬ ಐತಿ.”

“ಇಲ್ರಿ. ನಾನು ಗೋಕಾಕದಾಕಿ. ದಾಕ್ಷಾಯಿಣಿ.”

ಮುದುಕ ಎಮ್ಮೆಯ ಬೆನ್ನು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಯಾರ ಪೈಕಿ ಆತ್ರಿ?”

ಅವಳು ಒಂದು ಹೆಜ್ಜೆ ಮುಂದೆ ಬಂದಳು. “ರೇಡಿಯೋಕ್ಕ ನೀವು ಕಾರ್ಡ್ ಬರೀತಿದ್ರಿ. ಹಾಡಿನ ಕೋರಿಕಿ. ಅದರಾಗ ನನ್ನ ಹೆಸರು…”

“ರೇಡಿಯೋ ಏನು!” ಮುದುಕ ನಕ್ಕ. “ನಂಗ ಹಾಡೂ ಗೊತ್ತಿಲ್ಲ ಪಾಡೂ ಗೊತ್ತಿಲ್ಲರಿ. ಬರ್‍ಯಾಕ್ಯೂ ನಮ್ಮ ಮನಿಯಾಕಿ, ಕೇಳಾಕ್ಯೂ ಇಕಿ. ಟಪಾಲ ಡಬ್ಬಿಗೆ ಹಾಕೂದಷ್ಟ ನನ್ನ ಕೆಲಸಾ ಇತ್ತು. ಏ ಇವಳ, ಯಾರೋ ಬಂದಾರ ನೋಡ.”

ಒಳಗಿನಿಂದ ಬಂದವಳು ಗಿಡ್ಡ, ತೆಳ್ಳಗಿನ ಹೆಂಗಸು. ಕೈಯಲ್ಲಿ ಶೇಂಗಾ ಮೊರ. ಗಂಡ ಹೇಳಿದ್ದನ್ನು ಕೇಳಿ ಮೊರ ಕೆಳಗಿಟ್ಟು, ಬಂದವಳ ಮುಖವನ್ನೇ ನೋಡಿದಳು.

“ಗೋಕಾಕದಿಂದ ದಾಕ್ಷಾಯಿಣಿ?”

“ಹೌದ್ರಿ.”

“ಖರೇನ? ಯವ್ವಾ, ನೀವು ಖರೇನ ಇದ್ರೇನು! ಬರ್‍ರಿ, ಒಳಗ ಬರ್‍ರಿ. ನನ್ನ ಹೆಸರು ಗುಡ್ಡವ್ವ.”

ಚಾಪೆ ಹಾಸಿದಳು, ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಚಹಾಕ್ಕಿಟ್ಟಳು. ಮಾತು ನಿಲ್ಲಲಿಲ್ಲ. ಹದಿನಾರಕ್ಕೆ ಈ ಮನೆಗೆ ಬಂದಳಂತೆ. ಏಳನೆಯ ತರಗತಿಯ ತನಕ ಕಲಿತಿದ್ದಳು. ಮನೆಯಲ್ಲಿ ಅತ್ತೆ, ಮೂವರು ಮೈದುನರು, ಮಾತಾಡಲು ಒಬ್ಬರಿಲ್ಲ. ರೊಟ್ಟಿ ಬಡಿಯುವಾಗ ರೇಡಿಯೋ ಹಚ್ಚಿದರೆ ಅತ್ತೆ ಸುಮ್ಮನಿರುತ್ತಿದ್ದಳು.

“ಓದೂ ಹೆಸರೆಲ್ಲಾ ಗಂಡಸರದ್ರಿ. ಒಂದಿನ ನಿಮ್ಮ ಹೆಸರ ಬಂತು. ಆಹಾ, ಹೆಣಮಗಳೊಬ್ಬಾಕಿ ಬರದಾಳ, ಇಕಿ ನನ್ನ ಗೆಳತಿ ಇರಲಿ ಅಂದೆ. ನನ್ನಷ್ಟಕ್ಕ ನಾನ ಅಂದಕೊಂಡೆ ಮತ್ತ! ಕಾರ್ಡ್ ಇವರ ಹೆಸರೀಲೆ ಬರೀತಿದ್ದೆ. ರೇಡಿಯೋದಾಗ ಹೆಸರ ಬಂದ್ರ ಚಾದಂಗಡ್ಯಾಗ ಇವರಿಗೆ ಭಾಳ ಮಾನ. ಬಾಜೂಕ ನಿಮ್ಮ ಹೆಸರ ಬರದ್ರ ನಂಗ ಯಾರರ ಇದ್ದಂಗ ಆಕ್ಕಿತ್ತು.” ಗುಡ್ಡವ್ವ ಚಹಾ ಸೋಸುತ್ತ ತಿರುಗಿ ನೋಡಿದಳು. “ನಿಮಗೇನೂ ತ್ರಾಸ ಆಗಲಿಲ್ಲಲ್ಲರಿ? ಗಂಡಸಿನ ಹೆಸರಿನ ಸಂಗಾಟ ಬಂತಂತ ಮನ್ಯಾಗ ಯಾರರ ಏನರ ಅಂದ್ರೇನು?”

ಹುಕ್ಕೇರಿಯ ಮಾಸ್ತರ, ಸಕ್ಕರೆ ಹಂಚಿದ ದಿನ, ನಂಬದ ಅಪ್ಪ, ಎಲ್ಲ ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದವು. ಸಿಟ್ಟೂ ಬಂತು. ಇವಳೊಬ್ಬಳ ಒಂಟಿತನ ಕಳೆಯಲು ತನ್ನ ಇಡೀ ಬಾಳು ಒಂಟಿಯಾಯಿತಲ್ಲ ಅನಿಸಿತು. ಆದರೆ ಎದುರಿಗೆ ಗುಡ್ಡವ್ವ ಕಪ್ಪು ಹಿಡಿದು ಉತ್ತರಕ್ಕೆ ಕಾದು ನಿಂತಿದ್ದಳು.

“ಇಲ್ಲರಿ,” ಎಂದಳು. “ಯಾರ ಏನ ಅಂತಾರ? ಎಲ್ಲಾರೂ ಖುಷಿ ಪಟ್ರು.”

“ನಿಮಗೆಷ್ಟ ಮಕ್ಕಳ್ರಿ?”

“ಒಬ್ಬ ಮಗ. ಬರೂ ತಿಂಗಳ ಲಗ್ನ ಐತಿ.” ಅದನ್ನು ಹೇಳಿದ ಮೇಲೆ ಇನ್ನೊಂದು ಸುಳ್ಳು ಸುಲಭವಾಯಿತು. “ಗುಡ್ಡವ್ವಾರ, ನಾನು ಆ ಕಾರ್ಯಕ್ರಮ ಎಲ್ಲಾ ಟೇಪ್ ಮಾಡಿಟ್ಟಿದ್ದೆ. ಒಂದ ಸಲ ನಿಮ್ಮ ಹೆಸರೂ ಓದಿದ್ರು.”

ಗುಡ್ಡವ್ವ ಶೇಂಗಾ ಮೊರ ಹತ್ತಿರ ಎಳೆದುಕೊಂಡಳು. ಒಂದು ಕಾಯಿ ಒಡೆದಳು. ಇನ್ನೊಂದು ಒಡೆದಳು.

“ಅದ ಹೆಂಗ ಆಕ್ಕೈತ್ರಿ,” ಎಂದಳು ಕಡೆಗೆ. “ನಾನು ನನ್ನ ಹೆಸರ ಒಂದಿನಾನೂ ಬರದೇ ಇಲ್ಲ. ಬರದಿದ್ರ ನಮ್ಮತ್ತಿ ಕೈ ಕಡೀತಿದ್ಲು.”

ದಾಕ್ಷಾಯಿಣಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಂಗಳದಲ್ಲಿ ಮುರಿಗೆಪ್ಪ ಎಮ್ಮೆಗೆ ಏನೋ ಬೈಯುತ್ತಿದ್ದ. ಎದ್ದು ಹೊರಡಬೇಕೆಂದು ಅವಳು ಸೆರಗು ಸರಿಮಾಡಿಕೊಂಡಳು. ಗುಡ್ಡವ್ವ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು.

“ಹೆಂಗ ಓದಿದ್ರು?” ಕೇಳಿದಳು. “ರೇಡಿಯೋದಾಗ ಹೇಳತಾರಲ್ಲ, ಹಂಗ ಒಮ್ಮಿ ಹೇಳ್ರಿ.”

ದಾಕ್ಷಾಯಿಣಿ ಹೇಳಿದಳು. ಮುರಿಗೆಪ್ಪನನ್ನು ಬಿಟ್ಟು, ಎರಡೇ ಹೆಸರು ಹೇಳಿದಳು.